ಹಾಲಿ ಮರದ ಹಣ್ಣು ಕದ್ದವರು

ಚಳಿಗೆರೆಯ ಅರಸ ಮಲೆಗಂಡ ಊರೂರಲ್ಲಿ ಡಂಗುರ ಹೊಡೆಸಿದ: "ಅರಮನೆ ತೋಟದ ಹಾಲಿ ಮರದ ಬಗ್ಗೆ ಮೂರು ಒಗಟು. ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ. ಯಾರೂ ಬಿಡಿಸದಿದ್ದರೆ ತೋಟಗಾತಿ ಚೌಡಿಯ ತಲೆ."

ಹಾಲಿ ಎಂದರೆ ಚಳಿನಾಡಿನ ಮರ. ಮುಳ್ಳಂಚಿನ ಹೊಳೆಯುವ ಎಲೆ, ಮಾಗಿಯಲ್ಲಿ ಕುಂಕುಮದಂಥ ಹಣ್ಣು. ಎರಡು ವರ್ಷದಿಂದ ಹಣ್ಣೇ ಇಲ್ಲ. ಚೌಡಿ ಮಾಟ ಮಾಡಿದಳೆಂದು ಅರಸ ಅವಳನ್ನು ಸೆರೆಗೆ ತಳ್ಳಿದ್ದ.

ಅವಳ ತಮ್ಮ ಸಣ್ಣೀರ ಆಡು ಕಾಯುವವನು. ಡಂಗುರ ಕೇಳಿ ಹಲ್ಲು ಕಚ್ಚಿಕೊಂಡು ಬೆಟ್ಟ ಇಳಿದ.

ಸಭೆಯಲ್ಲಿ ಅರಸ ಕೇಳಿದ: "ಒಂದೇ ತಾಯಿಯ ಮಕ್ಕಳಲ್ಲಿ ಕೆಳಗಿನವರ ಕೈಯಲ್ಲಿ ಕತ್ತಿ, ಮೇಲಿನವರದು ಬರಿಗೈ. ಯಾಕೆ? ಊರೆಲ್ಲ ಬೆತ್ತಲಾದಾಗ ಸೀರೆ ಉಟ್ಟವಳು, ಊರೆಲ್ಲ ಹೊಸದು ಉಟ್ಟಾಗ ಹಳೆಯದನ್ನು ಕಳಚುತ್ತಾಳೆ. ಯಾರವಳು? ಹೂ ಬಿಟ್ಟವಳ ಮಡಿಲು ಬರಿದು. ಕದ್ದವರು ಯಾರು?"

ಪಾಳೆಗಾರನ ಮಗ "ಮಕ್ಕಳೆಂದರೆ ಸೈನಿಕರು" ಎಂದ. ತಲೆ ಹೋಯಿತು. ಮಂತ್ರಿಯ ಅಳಿಯ "ಮಕ್ಕಳೆಂದರೆ ಎಲೆಗಳು" ಎಂದ. ಯಾಕೆಂದು ಕೇಳಿದರೆ "ದೈವೇಚ್ಛೆ" ಎಂದ. ಅವನದೂ ಹೋಯಿತು.

ಸಣ್ಣೀರ ಎದ್ದ.

"ಆಡಿನ ವಾಸನೆ ಬರುತ್ತಿದೆ," ಎಂದು ಅರಸ ಮೂಗು ಮುಚ್ಚಿದ.

"ಆ ಆಡಿನಿಂದಲೇ ಮೊದಲ ಉತ್ತರ, ಒಡೆಯ. ಬಾಯಿ ಹಾಕುವ ಎತ್ತರದಲ್ಲಿ ಎಲೆಗೆ ಮುಳ್ಳು. ಆಡಿಗೆ ನಿಲುಕದ ತುದಿಯಲ್ಲಿ ಎಲೆ ನುಣುಪು. ಕಾಟವಿದ್ದ ಕಡೆ ಕತ್ತಿ ಹುಟ್ಟುತ್ತದೆ. ಎರಡನೆಯವಳು ಹಾಲಿ ಮರವೇ. ಮಾಗಿಯಲ್ಲಿ ಹಸಿರಾಗಿದ್ದು, ಚಿಗುರುಗಾಲದಲ್ಲಿ ಹಳೆ ಎಲೆ ಉದುರಿಸುತ್ತಾಳೆ. ಅದು ಅವಳ ರೂಢಿ, ರೋಗವಲ್ಲ. ಆ ತರಗೆಲೆ ಕಂಡು ಮರ ಸಾಯಿಸುತ್ತಿದ್ದಾಳೆಂದು ಅಕ್ಕನಿಗೆ ಚಾಟಿ ಹೊಡೆಸಿದಿರಿ."

"ಮೂರನೆಯದು ಹೇಳು. ಕಳ್ಳ ಯಾರು?"

"ನೀವು."

ಕಟುಕ ಕೊಡಲಿ ಎತ್ತಿಕೊಂಡ.

"ತೋಟದಲ್ಲಿ ಎರಡು ಮರವಿದ್ದವು. ಅವುಗಳಲ್ಲಿ ಒಂದನ್ನು, ಹಣ್ಣು ಬಿಡದ ಸೋಮಾರಿ ಎಂದು, ಎರಡು ವರ್ಷದ ಹಿಂದೆ ಕಡಿಸಿದಿರಿ. ಅದು ಗಂಡು, ಉಳಿದವಳು ಹೆಣ್ಣು. ಅದರ ಹೂವಿನ ಧೂಳನ್ನು ಜೇನ್ನೊಣ ತಾರದೆ ಇವಳ ಹೂ ಕಾಯಿ ಕಟ್ಟುವುದಿಲ್ಲ. ಅಕ್ಕ ಕಾಲು ಹಿಡಿದು ಬೇಡ ಅಂದಳು. ಗಂಡನನ್ನು ಕೊಂದವರೇ ಮಡಿಲು ಬರಿದೆಂದು ಹೆಣ್ಣನ್ನು ಬೈಯುತ್ತೀರಿ."

ಅರಸನ ಮುಖ ಕಪ್ಪಿಟ್ಟಿತು. "ಸಾಕ್ಷಿ?"

"ಈಗ ಹೂವಿನ ಕಾಲ. ನಮ್ಮ ಬೆಟ್ಟದ ಗಂಡು ಹಾಲಿಯ ಹೂಬಿಟ್ಟ ಕೊಂಬೆ ತರಿಸಿ, ನೀರಿನ ಮಡಕೆಯಲ್ಲಿಟ್ಟು ಮರದ ಮೂಡಣ ಮಗ್ಗುಲಿಗೆ ಕಟ್ಟಿಸಿ. ಮಾಗಿಗೆ ನೋಡಿ. ಹಣ್ಣಾಗದಿದ್ದರೆ ಎರಡು ತಲೆ ತಗೊಳ್ಳಿ."

ಅಲ್ಲಿಯವರೆಗೆ ಅಕ್ಕ ತಮ್ಮ ಇಬ್ಬರೂ ಸೆರೆಯಲ್ಲಿ. ಮಾಗಿ ಬಂತು. ಮೂಡಣ ಮಗ್ಗುಲ ಕೊಂಬೆಗಳು ಕೆಂಪು ಗೊಂಚಲಿನ ಭಾರಕ್ಕೆ ಬಾಗಿದವು. ಪಡುವಣ ಬರಿದು. ಊರೆಲ್ಲ ಬಂದು ನೋಡಿತು. ಅರಸ ಮಾತು ತಪ್ಪುವಂತಿರಲಿಲ್ಲ.

"ಅರ್ಧ ರಾಜ್ಯ ತಗೋ," ಎಂದ ಹಲ್ಲು ಮಸೆಯುತ್ತ.

"ಯಾವ ಅರ್ಧವೆಂದು ನೀನೇ ಆರಿಸಕ್ಕ," ಎಂದ ಸಣ್ಣೀರ.

ಚೌಡಿ ಬೆನ್ನಿನ ಬಾಸುಂಡೆ ಸವರಿಕೊಂಡು ಹೇಳಿದಳು: "ಸೆರೆಮನೆ, ಕೊಲೆಗಂಬ, ತೋಟ, ಇವಿರುವ ಅರ್ಧ ನಮಗೆ. ಅರಮನೆ ಅವರೇ ಇಟ್ಟುಕೊಳ್ಳಲಿ."

ಅಂದಿನಿಂದ ಮಲೆಗಂಡನಿಗೆ ಸಿಟ್ಟು ಬಂದಾಗ ಯಾರನ್ನು ಕಳಿಸಲೂ ಜಾಗವಿರಲಿಲ್ಲ. ಅವನು ಕೂಗುತ್ತಿದ್ದ, ಜನ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು.