ಮಕಮಲ್ ಹುಲ್ಲಿಗೆ ಚೊಂಬಿನ ಪರೀಕ್ಷೆ

ಒಂದು ಸೀಮೆಯಲ್ಲಿ ಒಬ್ಬ ಪಾರು... ಪಾರುಪತ್ಯ... ಪಾರುಪತ್ತೆಯವ... ಥೂ, ನಗಬೇಡ ಚಿನ್ಮಯಿ, ನಾಲಿಗೆ ತುದಿಯಲ್ಲೇ ಇದೆ. ನಮ್ಮೂರ ಕಡೆ ಎಲ್ಲರ ಬಾಯಲ್ಲೂ ಇದ್ದ ಮಾತು. ಇಲ್ಲಿ ಯಾರೂ ಆಡುವುದಿಲ್ಲ, ಅದಕ್ಕೇ ತುಕ್ಕು ಹಿಡಿದಿದೆ. ಹಾಂ, ಪಾರುಪತ್ತೇಗಾರ. ಅಂದರೆ ರಾಜನ ತೋಟ, ತೋಪು, ಬಾವಿ ಎಲ್ಲ ನೋಡಿಕೊಳ್ಳುವ ಅಧಿಕಾರಿ. ಅವನ ಹೆಸರು ಸೂರಪ್ಪಯ್ಯ. ಸೀಮೆಯ ಹೆಸರು ಬಿಸಿಲುಗಲ್ಲು. ರಾಜನ ಹೆಸರು ಹಾಲಪ್ಪನಾಯಕ. ಇನ್ನು ಕಥೆ ಓಡುತ್ತದೆ, ಗಟ್ಟಿಯಾಗಿ ಹಿಡಿದುಕೊಳ್ಳಿ.

ಬಿಸಿಲುಗಲ್ಲಿಗೆ ಮಳೆ ಅಂದರೆ ದೂರದ ನೆಂಟ. ವರ್ಷಕ್ಕೊಮ್ಮೆ ಬರುತ್ತಿತ್ತು, ಕೂತ ಹಾಗೆ ಮಾಡಿ ಎದ್ದು ಹೋಗುತ್ತಿತ್ತು. ಅದಕ್ಕೇ ಆ ಊರಲ್ಲೊಂದು ಪದ್ಧತಿ. ಹೆಣ್ಣು ಕೇಳಿಕೊಂಡು ಗಂಡು ಬಂದರೆ ಅವನ ಹೊಲ ಕೇಳುತ್ತಿರಲಿಲ್ಲ, ಮೀಸೆ ನೋಡುತ್ತಿರಲಿಲ್ಲ. ಮೂರು ದಿನ ಮನೆಯಲ್ಲಿಟ್ಟುಕೊಂಡು ದಿನಕ್ಕೊಂದು ಚೊಂಬು ನೀರು ಕೊಡುತ್ತಿದ್ದರು. ಮುಖ ತೊಳೆಯಲಿಕ್ಕೂ ಅದೇ, ಕಾಲು ತೊಳೆಯಲಿಕ್ಕೂ ಅದೇ, ಕುಡಿಯಲಿಕ್ಕೂ ಅದೇ. ಸಂಜೆಗೆ ಒಂದು ಗುಟುಕು ಉಳಿಸಿದವನು ಅಳಿಯ. ಮಧ್ಯಾಹ್ನಕ್ಕೇ ಬರಿ ಚೊಂಬು ಬಡಿದವನಿಗೆ ಮಜ್ಜಿಗೆ ಕುಡಿಸಿ ಅವನೂರಿಗೆ ಕಳಿಸುತ್ತಿದ್ದರು. ಕೊನೆಯ ದಿನ, ಸಂಬಂಧ ತಂದ ಹಿರಿಯ ಗಂಡಿನ ಚಾಪೆಯ ಮೇಲೆ ತಾನು ಮೊದಲು ಕೂರಬೇಕು. ಇವನಿಗೆ ನಾನು ಜವಾಬ್ದಾರ ಅಂತ ಅದರ ಅರ್ಥ.

ರಾಜನೂ ಆ ಪರೀಕ್ಷೆ ಗೆದ್ದವನೇ. ಸಂಜೆಗೆ ಒಂದು ಗುಟುಕು ಉಳಿದಿತ್ತು. ಅದನ್ನು ರಾಣಿಯೇ ಯಾರಿಗೂ ಕಾಣದ ಹಾಗೆ ಸುರಿದದ್ದು ಅನ್ನುವುದು ಬೇರೆ ಮಾತು.

ಒಂದು ಸಲ ರಾಜ ಪಕ್ಕದ ರಾಜ್ಯದ ಮದುವೆಗೆ ಹೋದ. ಅಲ್ಲಿ ಹೊಳೆ ದಂಡೆಯ ಅರಮನೆಯ ಮುಂದೆ ಹಸಿರು ಹುಲ್ಲಿನ ಹಾಸು. ರಾಜ ಅದರ ಮೇಲೆ ಬರಿಗಾಲಲ್ಲಿ ನಡೆದ, ಕುಣಿದ, ಯಾರೂ ನೋಡದಾಗ ಒಂದು ಪಲ್ಟಿಯನ್ನೂ ಹೊಡೆದ. ಊರಿಗೆ ಬಂದವನೇ, ನಮ್ಮ ಅರಮನೆಯನ್ನೂ ಹಾಗೆ ಮಾಡಿದವನಿಗೆ ದಿವಾನಗಿರಿ ಅಂದ. ಸೂರಪ್ಪಯ್ಯನ ಕಿವಿ ನೆಟ್ಟಗಾಯಿತು. ಎಂಟೇ ದಿನಕ್ಕೆ ಸಮುದ್ರದಾಚೆಯಿಂದ ಗಾಡಿಗಟ್ಟಲೆ ಮಕಮಲ್ ಹುಲ್ಲು ತರಿಸಿದ. ಅಂಗಳ, ಹಿತ್ತಲು, ಕೊನೆಗೆ ಕುದುರೆ ಲಾಯದ ಮುಂದೆಯೂ ಹಾಸಿಸಿದ.

ಆ ಹುಲ್ಲಿಗೆ ನೀರು ಹೊರುವವಳು ಕೆಂಗಮ್ಮ. ಮೂಡಲಕೇರಿಯವಳು. ನೀರು ಬರುತ್ತಿದ್ದದ್ದೂ ಮೂಡಲಕೇರಿಯ ಸಿಹಿಬಾವಿಯಿಂದಲೇ. ಬೆಳಿಗ್ಗೆ ಹಾಕಿದರೆ ಹುಲ್ಲು ಮಧ್ಯಾಹ್ನ ಬಾಯಿ ಬಿಡುತ್ತಿತ್ತು, ಮಧ್ಯಾಹ್ನ ಹಾಕಿದರೆ ಸಂಜೆ ಬಾಯಿ ಬಿಡುತ್ತಿತ್ತು. ಕೇರಿಯಲ್ಲಿ ಮನೆಗೆ ಮೂರು ಕೊಡ ಇದ್ದದ್ದು ಎರಡಾಯಿತು. ಎರಡಿದ್ದದ್ದು ಒಂದಾಯಿತು. ಕೊನೆಗೆ ಸೂರಪ್ಪಯ್ಯ ಡಂಗುರ ಹೊಡೆಸಿದ: ಬರುವ ಅಮಾವಾಸ್ಯೆಯಿಂದ ಸಿಹಿಬಾವಿ ಪೂರ್ತಿ ತೋಟಕ್ಕೆ, ಜನ ಎರಡು ಹರದಾರಿ ಆಚೆಯ ಹಳ್ಳಕ್ಕೆ ಹೋಗತಕ್ಕದ್ದು.

ಕೆಂಗಮ್ಮನಿಗೆ ತನ್ನ ಕೈಯಾರೆ ತನ್ನ ಕೇರಿಯ ಬಾವಿಯನ್ನು ಹುಲ್ಲಿಗೆ ಕುಡಿಸಿದ ಹಾಗಾಯಿತಲ್ಲ ಅನ್ನಿಸಿತು. ಸೊಂಟದ ಮೇಲೆ ಕೊಡ ಇದ್ದ ಹಾಗೇ ಒಡ್ಡೋಲಗಕ್ಕೆ ನುಗ್ಗಿದಳು.

"ಬುದ್ಧೀ, ಈ ಹುಲ್ಲು ನಮ್ಮೂರಿಗೆ ಬಂದು ತಿಂಗಳಾಯ್ತು. ಇದಕ್ಕೆ ಚೊಂಬಿನ ಪರೀಕ್ಷೆ ಯಾಕೆ ಆಗ್ಲಿಲ್ಲ?"

ಸಭೆಯೆಲ್ಲ ಗೊಳ್ಳೆಂದಿತು. ಹುಲ್ಲಿಗೆ ಯಾರ ಮಗಳನ್ನು ಕೊಡ್ತೀಯೇ ಅಂತ ಸೂರಪ್ಪಯ್ಯ ಹಂಗಿಸಿದ.

"ಮಗಳನ್ನಲ್ಲ ಸ್ವಾಮಿ, ಬಾವೀನೇ ಕೊಡ್ತಾ ಇದ್ದೀವಲ್ಲ."

ರಾಜನ ನಗು ಅರ್ಧಕ್ಕೇ ನಿಂತಿತು. ಆದರೂ ಅವನಿಗೆ ಆಟ ಅಂದರೆ ಇಷ್ಟ. ಆಗಲಿ ಅಂದ. ಗಂಡಿಗೆ ಮೂರು ದಿನ, ಹುಲ್ಲಿಗೆ ಮೂರು ವಾರ ಅಂತ ನಿಶ್ಚಯವಾಯಿತು.

ಮಂಚದಗಲದ ಮೂರು ಪಾತಿ ಮಾಡಿದರು. ಒಂದರಲ್ಲಿ ಮಕಮಲ್ ಹುಲ್ಲು. ಒಂದರಲ್ಲಿ ಕೆಂಗಮ್ಮ ದಾರಿ ಬದಿಯಿಂದ ಕಿತ್ತು ತಂದು ಬೇರೂರಿಸಿದ ಗರಿಕೆ. ಇನ್ನೊಂದರಲ್ಲಿ ಗುಡ್ಡದ ತಂಗಡಿ ಗಿಡ, ಬುಡಕ್ಕೆ ಒಣ ತರಗೆಲೆಯ ಹೊದಿಕೆ. ಪಾತಿಗೆ ದಿನಕ್ಕೊಂದು ಚೊಂಬು.

ಮೊದಲ ವಾರ ಮೂರೂ ಹಸಿರು. ಸೂರಪ್ಪಯ್ಯ ಮೀಸೆ ತಿರುವಿದ.

ಎರಡನೆಯ ವಾರ ಗರಿಕೆಯ ತುದಿ ಕೆಂಪಾಯಿತು, ಬುಡ ಹಸಿರಾಗೇ ಇತ್ತು. ತಂಗಡಿ ಹಳದಿ ಹೂ ಬಿಟ್ಟು ಜೇನುಹುಳುಗಳನ್ನು ಊಟಕ್ಕೆ ಕರೆಯಿತು. ಮಕಮಲ್ ಹುಲ್ಲು ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿತು. ಸೂರಪ್ಪಯ್ಯ ಮೀಸೆ ಬಿಟ್ಟ.

ಮೂರನೆಯ ವಾರದ ಕೊನೆಯ ದಿನ, ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ ಏನು ಪವಾಡವೋ, ಮಕಮಲ್ ಹುಲ್ಲು ಗಿಳಿಯ ಹಾಗೆ ಹಸಿರಾಗಿ ನಿಂತಿತು. ಕೆಂಗಮ್ಮ ಪಾತಿಯ ಹತ್ತಿರ ಓಡಿಬಂದಳು. ಅಮಾವಾಸ್ಯೆಗೆ ಇನ್ನೊಂದೇ ದಿನ.

ಅವಳ ಹಿಂದೆ ಹಿಂದೆ ಅವಳ ಆಡು ಬಂದಿತ್ತು. ಬೇಲಿ ತಿಂದದ್ದು, ಬುಟ್ಟಿ ತಿಂದದ್ದು, ಪುರೋಹಿತರ ಪಂಚಾಂಗವನ್ನೂ ತಿಂದದ್ದು. ಅಂಥ ಆಡು ಮಕಮಲ್ ಹುಲ್ಲನ್ನು ಮೂಸಿ, ಸೀನಿ, ಮುಖ ತಿರುಗಿಸಿತು.

"ಯಾಕೆ ಬಿಟ್ಟೆ?" ಅಂದಳು ಕೆಂಗಮ್ಮ.

"ಇದು ತಿನ್ನೋದಲ್ಲ ಕಣಮ್ಮ, ಉಡೋದು," ಅಂದಿತು ಆಡು.

ಕೆಂಗಮ್ಮ ಬಗ್ಗಿ ಮೂಸಿದಳು. ನೀಲಿಗೆ ಅರಿಸಿನ ಕಲಸಿದರೆ ಬರುವ ವಾಸನೆ. ಅವಳ ಹೊಟ್ಟೆಯಲ್ಲಿ ನಗು ಗುಳುಗುಳು ಅಂದಿತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡಳು.

ಸಾಯಂಕಾಲ ರಾಜ ಬಂದ, ರಾಣಿ ಬಂದಳು, ಮೂಡಲಕೇರಿಯೆಲ್ಲ ಖಾಲಿ ಕೊಡ ಹಿಡಿದು ಬಂತು. ಸೂರಪ್ಪಯ್ಯ ದಿವಾನನಾಗಲು ಮಡಿಸಿಟ್ಟ ಬಿಳಿ ರೇಷ್ಮೆ ಪಂಚೆ ಉಟ್ಟು ಬಂದ. ಹಸಿರು ನೋಡಿ ರಾಜ ಕುಣಿಯಲು ಕಾಲೆತ್ತಿದ.

ಕೆಂಗಮ್ಮ ಕೈ ಮುಗಿದಳು. "ಬುದ್ಧೀ, ನಾನು ಸೋತೆ. ಆದ್ರೆ ಶಾಸ್ತ್ರ ಉಳೀತು. ಸಂಬಂಧ ತಂದ ಹಿರೀಕರು ಗಂಡಿನ ಚಾಪೆ ಮೇಲೆ ಮೊದಲು ಕೂರಬೇಕಲ್ವ?"

ರಾಣಿ ಹೌದೆಂದಳು. ಕೇರಿ ಹೌದೆಂದಿತು. ಸೂರಪ್ಪಯ್ಯ ಮಾತ್ರ ಸೊಂಟ ನೋವು ಅಂದ. ರಾಜ ಹಿಡಿದುಕೊಳ್ಳುತ್ತೇನೆ ಬಾ ಅಂದ. ಮೊಣಕಾಲು ಬಗ್ಗುವುದಿಲ್ಲ ಅಂದ. ರಾಣಿ ಎಣ್ಣೆ ತರಿಸುತ್ತೇನೆ ಅಂದಳು. ಇವತ್ತು ಮುಹೂರ್ತ ಚೆನ್ನಾಗಿಲ್ಲ ಅಂದ. ಪಂಚಾಂಗ ಆಡಿನ ಹೊಟ್ಟೆಯಲ್ಲಿದೆ ಅಂದರು ಪುರೋಹಿತರು. ಇನ್ನು ನೆಪ ಉಳಿಯಲಿಲ್ಲ. ಕೂತ. ಚುಚ್ಚಿತು. ಎದ್ದ.

ಬಿಳಿ ರೇಷ್ಮೆಯ ಹಿಂಭಾಗದಲ್ಲಿ ಕುಂಬಳಕಾಯಿಯಂಥ ಎರಡು ಹಸಿರು ಮಚ್ಚೆ. ಕೆಳಗೆ ಬಣ್ಣ ಉದುರಿದ ಹುಲ್ಲು, ಅಪ್ಪಟ ಒಣಹುಲ್ಲು.

ನಗು ಮೂಡಲಕೇರಿಯಲ್ಲಿ ಹುಟ್ಟಿ, ಒಡ್ಡೋಲಗ ದಾಟಿ, ಲಾಯದ ಕುದುರೆಗಳವರೆಗೂ ಹೋಯಿತು. ರಾಜ ನಕ್ಕು ನಕ್ಕು ಕಿರೀಟ ಬೀಳಿಸಿಕೊಂಡ. ಅದನ್ನು ಎತ್ತಿಕೊಳ್ಳುವಾಗ ಗರಿಕೆಯ ಪಾತಿಗೆ ಕೈ ತಾಗಿತು. ಮೆತ್ತಗಿತ್ತು, ತಂಪಾಗಿತ್ತು. ನಗು ನಿಲ್ಲಿಸಿ ಖಾಲಿ ಕೊಡಗಳ ಕಡೆ ನೋಡಿದ.

"ಕೆಂಗಮ್ಮ, ನಾನು ಇದರ ಬಣ್ಣ ನೋಡಿದೆ, ಬಾಯಾರಿಕೆ ಕೇಳಲಿಲ್ಲ. ತಪ್ಪು ನಂದೂ ಇದೆ," ಅಂದ.

ಮರುದಿನದಿಂದ ಸಿಹಿಬಾವಿ ಕೇರಿಗೇ ಉಳಿಯಿತು. ಸೂರಪ್ಪಯ್ಯನಿಗೆ ದಿವಾನಗಿರಿಯ ಬದಲು ಕೊಡ ತೂಗಿಹಾಕಿ ಹೆಗಲ ಮೇಲೆ ಹೊರುವ ಅಡ್ಡೆ ಸಿಕ್ಕಿತು. ಮಳೆಗಾಲದವರೆಗೆ ಕೇರಿಯ ಮುದುಕಿಯರ ಮನೆಗೆ ನೀರು ಹೊತ್ತ. ತೋಟ ಕೆಂಗಮ್ಮನ ಕೈಗೆ ಬಂತು. ಮಕ್ಕಳು ಉರುಳಾಡುವಷ್ಟು ಜಾಗಕ್ಕೆ ಮಾತ್ರ ಗರಿಕೆ ಹಾಸಿದಳು. ನೀರು ಬೇಡುವ ಬಾಳೆ, ಕೆಸುವನ್ನು ಬಚ್ಚಲ ಮೋರಿಯ ಪಕ್ಕ ಒಟ್ಟಿಗೆ ನೆಟ್ಟಳು. ಬಿಸಿಲು ಬೀಳುವ ಕಡೆಯೆಲ್ಲ ತಂಗಡಿ, ಗೋರಂಟೆ, ಲೋಳೆಸರ. ರಾಜ ದಿನಾ ಗರಿಕೆಯ ಮೇಲೆ ಪಲ್ಟಿ ಹೊಡೆದ, ಈಗ ಎಲ್ಲರೂ ನೋಡುವ ಹಾಗೆಯೇ.

ಗಿಡವಾಗಲಿ ಹುಲ್ಲಾಗಲಿ, ತರುವ ಮೊದಲು ಎಷ್ಟು ಚೆಂದ ಅಂತ ಕೇಳಬೇಡಿ, ಎಷ್ಟು ನೀರು ಅಂತ ಕೇಳಿ. ನೆಲಕ್ಕೆ ಒಗ್ಗಿದ್ದನ್ನು ನೆಡಿ. ನೆರೆಯವರ ಕೊಡ ಬರಿದು ಮಾಡಿ ಬೆಳೆಸಿದ ಹಸಿರು ಹಸಿರಲ್ಲ, ಬರೀ ಬಣ್ಣ. ನೀತಿ ಇಷ್ಟೇ. ಚಿನ್ಮಯಿ, ಆಮೇಲೆ ನಗುವೆಯಂತೆ, ಪೆನ್ನು ತಗೊ ಮಗಳೇ. ನಾನು ಮರೆಯುವ ಮೊದಲು ಇದನ್ನು ಬರೆದಿಡು.