ಬೂಟಿನ ತಂಡ, ಕಾಲುಚೀಲದ ತಂಡ

ಸೈನ್ಯಕ್ಕೆ ಸಾಮಾನು ಕೊಳ್ಳುವ ಅಧಿಕಾರಿಗಳಿಗೆ ಪಾಠ ಹೇಳುವ ಶಾಲೆಯೊಂದಿತ್ತು. ಅಲ್ಲಿಯ ಗುರು ಕರ್ನಲ್ ಬೆಳ್ಯಪ್ಪ. ಮಾತು ಕಡಿಮೆ, ಮೀಸೆ ಜೋರು. ಪುಸ್ತಕ ಓದಿಸಿ ಕಲಿಸುವ ಜಾಯಮಾನ ಅವರದ್ದಲ್ಲ. ಶಿಷ್ಯರನ್ನು ಎರಡು ತಂಡ ಮಾಡಿ ಪೈಪೋಟಿಗೆ ಬಿಡುತ್ತಿದ್ದರು. ಶಾಲೆಯ ಮೇಷ್ಟ್ರುಗಳೇ ವ್ಯಾಪಾರಿಗಳ ವೇಷ ಹಾಕಿ ಕೂರುತ್ತಿದ್ದರು. ಎಂಥ ಕಿಲಾಡಿಗಳು ಅಂತೀರಿ! ಕಳಪೆ ಮಾಲನ್ನು ಹೊಗಳಿ ಹೊಗಳಿ ತಲೆಗೆ ಕಟ್ಟುವವರು.

ಆ ವರ್ಷವೂ ಎಂದಿನಂತೆ ಹಿಮದ ಗುಡ್ಡದಲ್ಲಿ ಕಾವಲಿರುವ ಸೈನಿಕರಿಗಾಗಿ ಒಂದು ತಂಡ ಬೂಟು ಕೊಳ್ಳಬೇಕು, ಇನ್ನೊಂದು ಉಣ್ಣೆಯ ಕಾಲುಚೀಲ ಕೊಳ್ಳಬೇಕು ಎಂದಾಯಿತು. ಶುಕ್ರವಾರ ಸಂಜೆಯೊಳಗೆ ಮಾಲು ಕರ್ನಲ್ಲರ ಮೇಜಿನ ಮೇಲಿರಬೇಕು. ಯಾರ ಮಾಲು ಪರೀಕ್ಷೆಯಲ್ಲಿ ಹೆಚ್ಚು ಗಟ್ಟಿ ಎನಿಸುತ್ತದೋ ಅವರು ಗೆದ್ದಂತೆ. ಗೆದ್ದ ತಂಡಕ್ಕೆ ಆ ಚಳಿಗಾಲದ ನಿಜವಾದ ಖರೀದಿಯ ಹೊಣೆ.

ಬೂಟಿನ ತಂಡಕ್ಕೆ ಕ್ಯಾಪ್ಟನ್ ವಾಗ್ದೇವಿ ಮುಂದಾಳು. ಅವಳಿಗೆ ಇದು ಬರೀ ಆಟವಲ್ಲ. ಅವಳ ಅಣ್ಣ ಅಂಥದ್ದೇ ಗುಡ್ಡದಲ್ಲಿ ನೀರು ಸೋರುವ ಬೂಟು ಹಾಕಿಕೊಂಡು ಕಾಲ್ಬೆರಳು ಕಳೆದುಕೊಂಡು ಬಂದಿದ್ದ. ಆ ಖರೀದಿ ತನ್ನ ಕೈಗೇ ಬರಬೇಕೆಂದು ಅವಳು ಹಠ ತೊಟ್ಟಿದ್ದಳು. ಬೂಟನ್ನು ಬಕೆಟ್ಟಿನಲ್ಲಿ ಮುಳುಗಿಸಿದಳು. ಹೊಲಿಗೆ ಬಿಚ್ಚಿ ನೋಡಿದಳು. ವೇಷದ ವ್ಯಾಪಾರಿಗಳ ಬೆವರಿಳಿಸಿದಳು. ಕೊನೆಗೆ ಕಾಲಿಗೆ ಅಚ್ಚುಕಟ್ಟಾಗಿ ಕೂರುವ, ತೊಟ್ಟು ನೀರೂ ಒಳಗೆ ಬಿಡದ ಬೂಟು ಸಿಕ್ಕಿತು.

ಕಾಲುಚೀಲದ ತಂಡದ ಕ್ಯಾಪ್ಟನ್ ಇರ್ಫಾನನೂ ಕಡಿಮೆ ಆಸಾಮಿಯಲ್ಲ. ಎರಡು ತಂಡದವರೂ ಬಾಗಿಲು ಮುಚ್ಚಿಕೊಂಡೇ ಕೆಲಸ ಮಾಡಿದರು. ಹಾಗೆ ಮಾಡಿ ಅಂತ ಕರ್ನಲ್ ಹೇಳಿರಲಿಲ್ಲ. ಆದರೆ ಪೈಪೋಟಿ ಅಂದಮೇಲೆ ಗುಟ್ಟು ಬಿಟ್ಟುಕೊಡೋದುಂಟೇ?

ಶುಕ್ರವಾರ ಮಧ್ಯಾಹ್ನ ವಾಗ್ದೇವಿ ಅಂಗಳ ದಾಟುತ್ತಿದ್ದಾಗ ಇರ್ಫಾನ್ ಒಗೆದು ಒಣಹಾಕಿದ್ದ ಕಾಲುಚೀಲ ಕಣ್ಣಿಗೆ ಬಿತ್ತು. ಕಂಬಳಿಯಷ್ಟು ದಪ್ಪ, ಬೆಚ್ಚಗೆ. 'ಅಬ್ಬಾ, ಎಂಥ ಮಾಲು ಹಿಡಿದಿದ್ದಾನೆ!' ಅಂದುಕೊಂಡಳು. ಮರುಕ್ಷಣವೇ ಅವಳಿಗೆ ತನ್ನ ಬೂಟಿನ ನೆನಪಾಯಿತು. ಇದನ್ನು ಹಾಕಿಕೊಂಡ ಕಾಲು ತನ್ನ ಬೂಟಿನೊಳಗೆ ಹೋದೀತೇ?

ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಬೂಟಿನ ಪರೀಕ್ಷೆ ಬೇರೆ, ಕಾಲುಚೀಲದ ಪರೀಕ್ಷೆ ಬೇರೆ. ಗೆಲುವು ಕೈಗೆಟುಕುವಂತಿತ್ತು. ಆದರೂ ಇರ್ಫಾನನ ಅಳತೆಯ ಬೂಟು ಹಿಡಿದು ನೇರ ಅವನ ಬಾಗಿಲು ತಟ್ಟಿದಳು.

"ಓಹೋ, ಗುಟ್ಟು ಕದಿಯೋಕೆ ಬಂದ್ರಾ ಮೇಡಂ?" ಅವನು ನಕ್ಕ.

"ಗುಟ್ಟು ನೀವೇ ಇಟ್ಕೊಳ್ಳಿ. ನಿಮ್ಮ ಕಾಲುಚೀಲ ಹಾಕ್ಕೊಂಡು ಇದರೊಳಗೆ ಕಾಲು ಇಡಿ."

ಇರ್ಫಾನ್ ತುರುಕಿದ, ಎಳೆದ, ಗೋಡೆಗೆ ಒದ್ದ. ಹೇಗೋ ಕಾಲು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೇ ಅವನ ನಗು ನಿಂತಿತು.

"ಬೆರಳು ಜೋಮು ಹಿಡೀತಿದೆ ಕಣ್ರೀ," ಅಂದ.

"ಹಿಮದಲ್ಲಿ ಹೀಗೆ ಬಿಗಿದ್ರೆ ರಕ್ತ ಓಡಲ್ಲ. ಬೆರಳು ಉಳಿಯಲ್ಲ, ಇರ್ಫಾನ್."

ಇಬ್ಬರೂ ಕರ್ನಲ್ಲರ ಮುಂದೆ ನಿಂತರು. ವಾಗ್ದೇವಿಯೇ ಬಾಯಿಬಿಟ್ಟಳು. "ಸರ್, ಬೂಟು ಚೆನ್ನಾಗಿದೆ, ಕಾಲುಚೀಲವೂ ಚೆನ್ನಾಗಿದೆ. ಆದ್ರೆ ಎರಡೂ ಸೇರಿದ್ರೆ ಸೈನಿಕನ ಕಾಲು ಹಾಳಾಗುತ್ತೆ. ಇನ್ನೂ ದೊಡ್ಡ ಬೂಟು ತರ್ಬೇಕು. ಸಂಜೆಯೊಳಗೆ ಆಗಲ್ಲ. ನನ್ನ ತಂಡ ಸೋತಿದೆ ಅಂತ ಬರ್ಕೊಳ್ಳಿ."

"ನನ್ನದೂ ಅಷ್ಟೇ, ಸರ್," ಅಂದ ಇರ್ಫಾನ್.

ಕರ್ನಲ್ ಬೆಳ್ಯಪ್ಪ ಕುರ್ಚಿ ಬಿಟ್ಟು ಎದ್ದರು. ಶಿಷ್ಯರಿಗೆ ಎಂದೂ ಸೆಲ್ಯೂಟ್ ಹೊಡೆಯದ ಆ ಮನುಷ್ಯ ಅಂದು ಇಬ್ಬರಿಗೂ ಸೆಲ್ಯೂಟ್ ಹೊಡೆದರು.

"ವರ್ಷಾ ವರ್ಷಾ ಇದೇ ಆಟ ಆಡಿಸ್ತೀನಿ. ಒಮ್ಮೆ ಬೂಟು ಗೆಲ್ಲುತ್ತೆ, ಒಮ್ಮೆ ಕಾಲುಚೀಲ ಗೆಲ್ಲುತ್ತೆ. ಕಾಲು ಗೆದ್ದದ್ದು ಇದೇ ಮೊದಲು. ಈ ಸಲದ ಖರೀದಿಗೆ ಇಬ್ಬರೂ ಒಟ್ಟಿಗೆ ಹೊರಡಿ!"

ನೀತಿ: ಪೈಪೋಟಿ ನಮ್ಮನ್ನು ಚುರುಕು ಮಾಡುತ್ತದೆ, ನಿಜ. ಆದರೆ ಯಾರಿಗಾಗಿ ದುಡಿಯುತ್ತಿದ್ದೇವೋ ಅವರಿಗೆ ಒಳಿತಾಗದಿದ್ದರೆ ನಾವು ಗೆದ್ದರೂ ಸೋತಂತೆಯೇ. ಅವರ ಒಳಿತಿಗಾಗಿ ತಮ್ಮ ಗೆಲುವನ್ನೇ ಬಿಟ್ಟುಕೊಡಬಲ್ಲವರ ಕೈಗೆ ಮಾತ್ರ ದೊಡ್ಡ ಹೊಣೆ ಒಪ್ಪಿಸಬೇಕು.