ಇಳಕಲ್ಲಿನ ಮಗಳಿಗೆ ಹಸಿರು ಕಂಡದ್ದು

ಪೂಜ್ಯ ಚೆನ್ನಾಂಬಿಕೆ ತಾಯಿಯವರು ಕೊಡೆಗುಡ್ಡದ ನೆತ್ತಿಯಲ್ಲಿ ನೆಲೆಸಿದ್ದ ಕಾಲದಲ್ಲಿ ಅಲ್ಲಿ ಮಠವೆಂದು ಹೇಳಿಕೊಳ್ಳುವಂಥ ಕಟ್ಟಡವೇನೂ ಇರಲಿಲ್ಲ. ಜಂಬಿಟ್ಟಿಗೆಯ ಗೋಡೆ, ಹುಲ್ಲಿನ ಮಾಡು, ಒಳಗೊಂದು ಒಲೆ, ಒಂದು ಚಾಪೆ, ಗೋಡೆಯ ಗೂಡಿನಲ್ಲಿ ಆರದ ಹಣತೆ. ಮಳೆಗಾಲದಲ್ಲಿ ಕೆಳಗಿನ ಪೇಟೆಯವರು ಬಾಗಿಲು ಹಾಕಿಕೊಂಡು ಹಪ್ಪಳ ಸುಡುವ ಹೊತ್ತಿಗೆ ತಾಯಿಯವರು ಗೊರಬು ಹೊದ್ದು ಹೊರಗೆ ಹೊರಡುತ್ತಿದ್ದರು. ಗೊರಬೆಂದರೆ ಒಣ ಎಲೆಗಳಿಂದ ಹೆಣೆದ, ತಲೆ ಬೆನ್ನು ಮುಚ್ಚುವ ಮಳೆಹೊದಿಕೆ. ಪೂಜೆ ಮುಗಿಯಿತೇ ಎಂದು ಯಾರಾದರೂ ಕೇಳಿದರೆ, ಅರ್ಧ ಮುಗಿದಿದೆ, ಉಳಿದರ್ಧಕ್ಕೆ ಹೊರಟಿದ್ದೇನೆ ಎನ್ನುತ್ತಿದ್ದರಂತೆ.

ಒಂದು ವರ್ಷ ಶ್ರಾವಣ ಹತ್ತಿರವಾಗಿದ್ದಾಗ ಪೇಟೆಯ ಹಾಲಮ್ಮನವರು ತಮ್ಮ ಸೊಸೆಯನ್ನು ಕರೆದುಕೊಂಡು ಗುಡ್ಡ ಹತ್ತಿದರು. ಸೊಸೆಯ ಹೆಸರು ಶಾವಂತ್ರಿ. ಇಳಕಲ್ಲಿನವಳು, ನೂಲಿಗೆ ಬಣ್ಣ ಕಟ್ಟುವವರ ಮಗಳು. ಹಾಲಮ್ಮನವರ ಮಗ ಗುರುಪಾದಪ್ಪ ಬಟ್ಟೆ ಅಂಗಡಿಗೆ ಸೀರೆ ತರಲು ಅಲ್ಲಿಗೆ ಹೋಗಿ ಬರುತ್ತಿದ್ದವನು, ಬಣ್ಣದ ಮನೆಯ ಅಂಗಳದಲ್ಲಿ ನೂಲಿನ ಲಡಿ ಒಣಹಾಕುತ್ತಿದ್ದ ಇವಳನ್ನು ಕಂಡು ಮೆಚ್ಚಿ ಮದುವೆಯಾಗಿದ್ದ. ಮಾಘದಲ್ಲಿ ಬಂದ ಹುಡುಗಿ ಜ್ಯೇಷ್ಠದವರೆಗೂ ಮನೆ ತುಂಬ ನಗುತ್ತಾ ಓಡಾಡಿಕೊಂಡಿದ್ದಳು. ಮಳೆ ಹಿಡಿಯಿತು ನೋಡಿ, ಅವಳ ನಗು ನಿಂತಿತು.

ಉಟ್ಟ ಸೀರೆ ಒಣಗುವುದಿಲ್ಲ. ತವರಿನಿಂದ ತಂದ ಜೋಳದ ಹಿಟ್ಟು ಮುಗ್ಗಿ ಹೋಯಿತು. ಅಪ್ಪ ಕೈಯಾರೆ ಬಣ್ಣ ಕಟ್ಟಿ ನೇಯಿಸಿಕೊಟ್ಟ ಮದುವೆಯ ಸೀರೆಗೆ ಬೂಷ್ಟು ಹಿಡಿಯಿತು. ಆ ದಿನ ಅವಳು ಊಟ ಮಾಡಲಿಲ್ಲ. ಮರುದಿನವೂ ಎರಡು ತುತ್ತು ಉಂಡು ಕೈ ತೊಳೆದಳು. ಆಷಾಢಕ್ಕೆ ತವರಿಗೆ ಕಳಿಸೋಣವೆಂದರೆ ಘಟ್ಟದ ರಸ್ತೆ ಕುಸಿದು ಬಸ್ಸು ನಿಂತಿತ್ತು. ಕೊನೆಗೆ ಅತ್ತ ಹೊರಟ ಲಾರಿಯವನ ಕೈಲಿ ಅವಳು ಅಪ್ಪನಿಗೆ ಹೇಳಿ ಕಳಿಸಿದ್ದಳು, ಪಂಚಮಿಗೆ ಕರೆಯಲು ಬಾ, ನಾನು ಮತ್ತೆ ಇಲ್ಲಿಗೆ ಬರುವವಳಲ್ಲ ಎಂದು. ಗಂಡ ಕೆಟ್ಟವನಲ್ಲ, ಅತ್ತೆ ಬಾಯಿ ಮಾಡುವವರಲ್ಲ. ಅದೇ ಹಾಲಮ್ಮನವರ ಸಂಕಟ. ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಮಳೆಯನ್ನು ತಿದ್ದುವುದು ಹೇಗೆ?

ಇಷ್ಟನ್ನೂ ಹಾಲಮ್ಮನವರು ಒಂದೇ ಉಸಿರಿಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಶಾವಂತ್ರಿ ಕಂಬಕ್ಕೆ ಒರಗಿ, ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳವನ್ನು ಕಿತ್ತೆಸೆಯುತ್ತಾ ಕುಳಿತಿದ್ದಳು. ಸನ್ಯಾಸಿನಿ ಬುದ್ಧಿ ಹೇಳುತ್ತಾರೆ, ಹೆಣ್ಣಿಗೆ ಗಂಡನ ಮನೆಯೇ ಕೈಲಾಸವೆನ್ನುತ್ತಾರೆ, ಕೇಳಿಸಿಕೊಂಡು ಇಳಿದು ಹೋದರಾಯಿತು ಎಂದು ಅವಳು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ತಾಯಿಯವರು ಬುದ್ಧಿ ಹೇಳಲಿಲ್ಲ. ನಿಮ್ಮೂರಿನಲ್ಲಿ ಮಳೆ ಹೇಗಿರುತ್ತದೆ ಎಂದು ಕೇಳಿದರು.

ಅನಿರೀಕ್ಷಿತವಾದ ಆ ಪ್ರಶ್ನೆಗೆ ಹುಡುಗಿ ತಲೆ ಎತ್ತಿದಳು. "ನಮ್ಮ ಕಡೆ ಮಳಿ ಬಂದ್ರ ಮಂದಿ ಮನಿ ಬಿಟ್ಟು ಹೊರಗ ಬರ್ತಾರ್ರಿ," ಎಂದಳು. "ಇಲ್ಲಿ ಮಳಿ ಬಂದ್ರ ಎಲ್ಲಾರೂ ಒಳಗ ಹೋಗ್ತಾರ."

ತಾಯಿಯವರು ಆ ಮಾತನ್ನು ಕೇಳಿ ತೊಡೆ ತಟ್ಟಿಕೊಂಡು ನಕ್ಕರಂತೆ. ಅಷ್ಟು ವರ್ಷ ಅವರನ್ನು ಬಲ್ಲ ಹಾಲಮ್ಮನವರೇ ಅಂಥ ನಗುವನ್ನು ನೋಡಿರಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಗೊರಬನ್ನು ತಂದು ಹುಡುಗಿಯ ತಲೆಗೆ ತಾವೇ ಹೊದಿಸಿ, ಅಪ್ಪ ಬರುವವರೆಗೆ ದಿನವೂ ತಮ್ಮ ಜೊತೆ ಬರಬೇಕೆಂದರು. ಆಮೇಲೆ ಹೋಗಬೇಕೆನ್ನಿಸಿದರೆ ಹೋಗಲಿ, ಯಾರೂ ತಡೆಯಬಾರದೆಂದು ಹಾಲಮ್ಮನವರಿಗೂ ಹೇಳಿದರು.

ಮೊದಲ ದಿನ ಶಾವಂತ್ರಿ ನೆಲ ನೋಡುತ್ತಲೇ ನಡೆದಳು. ಜಾರುವ ಹಾವಸೆ, ಕಾಲಿಗೆ ಹತ್ತುವ ಇಂಬಳ, ಕಿವಿಗಡಚಿಕ್ಕುವ ಜೀರುಂಡೆ. ಹಳ್ಳದ ಬಳಿ ಅವಳಿಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು, ಇಲ್ಲಿ ನೋಡಲಿಕ್ಕೆ ಏನಿದೆ, ಎತ್ತ ನೋಡಿದರೂ ಬರೀ ಹಸಿರು, ಹಸಿರು ನೋಡಿ ನೋಡಿ ಕಣ್ಣು ಸತ್ತು ಹೋಗಿವೆ ಎಂದುಬಿಟ್ಟಳು.

ತಾಯಿಯವರು ಹಿಂದಿರುಗಿ ನೋಡಿದರು.

"ಯಾವ ಹಸಿರು, ಮಗಳೆ?"

ಶಾವಂತ್ರಿ ಬಣ್ಣದ ಮನೆಯಲ್ಲಿ ಹುಟ್ಟಿದವಳು. ಹಸಿರು ಸೀರೆ ಬೇಕೆಂದು ಬಂದವರಿಗೆ ಅವಳ ಅಪ್ಪ ಕೇಳುತ್ತಿದ್ದದ್ದೂ ಅದೇ ಮಾತು. ಬರೀ ಹಸಿರು ಎನ್ನುವ ಬಣ್ಣ ಯಾವ ಹಂಡೆಯಲ್ಲೂ ಇಲ್ಲವೆಂದು ಅವಳಿಗೆ ಮೊಳಕಾಲೆತ್ತರದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಆಡಿದ ಮಾತಿಗೆ ನಾಚಿಕೆಯಾಯಿತು. ಬಗ್ಗಿ ಬಂಡೆಯ ಮೇಲಿನ ಹಾವಸೆಯನ್ನು ನೋಡಿದಳು. ನೆನೆಹಾಕಿದ ಹೆಸರುಕಾಳಿನ ಬಣ್ಣ. ಅದರ ಪಕ್ಕದ ಜರಿಗಿಡ ಬೇರೆ, ಅದು ಎಳೆ ಜೋಳದ ಗರಿ. ಜರಿಗಿಡದ ಸುರುಳಿ ಬಿಚ್ಚದ ತುದಿ ಮತ್ತೂ ಬೇರೆ, ಅದಕ್ಕೆ ಹೋಲಿಕೆ ಸಿಗದೆ ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ಆಚೆ ದಡದ ಬಿದಿರು, ಅದರಾಚೆ ಸಸಿಮಡಿ, ಅದರ ಮೇಲೆ ಮಂಜು ಮುಸುಕಿದ ಕಾಡು. ಒಂದೊಂದಕ್ಕೂ ತನ್ನೂರಿನ ಕಾಳು, ಕಾಯಿ, ಎಲೆಗಳ ಹೆಸರಿಟ್ಟು ಹೇಳುತ್ತಾ ಹೋದಳು. ತಾಯಿಯವರು ಮಗುವಿನಂತೆ ಹ್ಞೂಂಗುಟ್ಟುತ್ತಾ ಕೇಳಿದರು. ಕುಸುಬೆಯ ಎಲೆಯನ್ನು ತಾವು ಕಂಡೇ ಇಲ್ಲವೆಂದೂ ಅದು ಹೇಗಿರುತ್ತದೆಂದೂ ವಿಚಾರಿಸಿದರು. ಹೇಳುತ್ತಾ ಹೇಳುತ್ತಾ ಹುಡುಗಿಗೆ ತವರಿನ ಹೊಲವೇ ಈ ಗುಡ್ಡಕ್ಕೆ ನಡೆದು ಬಂದಂತೆನಿಸಿತು. ಹಿಂದಿರುಗುವಾಗ ತಾಯಿಯವರು ಇಷ್ಟೇ ಹೇಳಿದರು: "ಶಿವ ಮನೆಗೆ ಕರೆದಾಗ ಬಾಗಿಲಲ್ಲೇ ನಿಂತು ಒಳಗೆ ಕತ್ತಲೆ ಅನ್ನಬಾರದು, ಮಗಳೆ."

ಆ ರಾತ್ರಿ ಶಾವಂತ್ರಿ ಅತ್ತೆಯನ್ನು ಕೇಳಿ ಕೇಳಿ ಬಡಿಸಿಕೊಂಡು ಉಂಡಳು.

ಮುಂದಿನ ದಿನಗಳಲ್ಲಿ ಅವಳೇ ಮುಂದೆ, ತಾಯಿಯವರು ಹಿಂದೆ. ಮರದ ಕೊಂಬೆಗೆ ಜೋತುಬಿದ್ದ ಸೀತಾಳೆದಂಡೆಯ ಹೂಗೊಂಚಲನ್ನು ನೋಡಲು ಅವಳು ಬಂಡೆ ಹತ್ತಿದಳು. ಹೊಂಡದ ಮೇಲೆ ಬಾಗಿದ ಎಲೆಗೆ ಕಪ್ಪೆ ಕಟ್ಟಿದ ನೊರೆಗೂಡನ್ನು ಕಂಡು, ಯಾರೋ ಸಾಬೂನು ಮರೆತು ಹೋಗಿದ್ದಾರೆಂದು ಕೂಗಿ ಹೇಳಿದಳು. ಒಮ್ಮೆ ಎಳೆಹಸಿರು ಬಳ್ಳಿಯೆಂದು ಕೈ ಚಾಚಿದ್ದು ಹಸಿರು ಹಾವಾಗಿತ್ತು. ತಾಯಿಯವರು ಅವಳ ಕೈ ಹಿಡಿದು ಹಿಂದಕ್ಕೆಳೆದುಕೊಂಡರು. ಹಾವು ನಿಧಾನವಾಗಿ ಹರಿದು ಹೋಗುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತು, ಆಮೇಲೆ ಒಟ್ಟಿಗೆ ನಕ್ಕರು.

ಅಷ್ಟರಲ್ಲಿ ರಸ್ತೆ ತೆರೆಯಿತು, ಅಪ್ಪ ಬಂದ. ಈರಸಂಗಪ್ಪ ಮುಂಗೋಪಿ. ರುಮಾಲು ತೊಯ್ದು, ಧೋತರ ಕೆಸರಾಗಿ, ಹಿಮ್ಮಡಿಯಲ್ಲಿ ಇಂಬಳದ ರಕ್ತ ಸುರಿಯುತ್ತಾ ಬಂದವನಿಗೆ ಮಗಳು ಮನೆಯಲ್ಲಿಲ್ಲ, ಗುಡ್ಡದಲ್ಲಿದ್ದಾಳೆಂದು ತಿಳಿದು ಸಿಟ್ಟು ನೆತ್ತಿಗೇರಿತು. ಹಾಲಮ್ಮನವರು ಕೊಟ್ಟ ನೀರನ್ನೂ ಕುಡಿಯದೆ ಗುಡ್ಡ ಹತ್ತಿದ. ತಾಯಿಯವರಿಗೆ ಕೈಮುಗಿದನಾದರೂ ಮಾತು ಬಿರುಸಾಗಿಯೇ ಬಂತು. "ನನ್ನ ಮಗಳು ಇಲ್ಲಿ ಕೊಳತು ಹೋಗ್ತಾಳ್ರಿ. ನಾ ಕರಕೊಂಡು ಹೊಂಟೀನಿ. ಮತ್ತ ಕಳಸೂದಿಲ್ಲ."

"ಕರೆದುಕೊಂಡು ಹೋಗಪ್ಪ," ಎಂದರು ತಾಯಿಯವರು. "ಇವತ್ತು ನನಗೆ ಮೊಳಕಾಲು ನೋವು. ಅವಳ ಜೊತೆ ನೀನೊಂದು ಸುತ್ತು ಹೋಗಿ ಬಾ."

ಹಿರಿಯರ ಮಾತನ್ನು ತೆಗೆದುಹಾಕಲಾಗದೆ ಅವನು ಗೊಣಗುತ್ತಾ ಹೊರಟ. ತಾಯಿಯವರಿಗೆ ಅಂದು ನಿಜಕ್ಕೂ ಮೊಳಕಾಲು ನೋಯುತ್ತಿತ್ತೋ ಇಲ್ಲವೋ, ಭಕ್ತರು ಅದನ್ನು ವಿಚಾರಿಸಿದ್ದಿಲ್ಲ. ಹಿಂದಿನಿಂದ ಹಾಲಮ್ಮನವರು ಏದುಸಿರು ಬಿಡುತ್ತಾ ಬಂದರು. ಇಬ್ಬರೂ ಹೆಂಗಸರು ಜಗುಲಿಯಲ್ಲಿ ಕುಳಿತು ಕಾದರು. ಮೊದಮೊದಲು ಈರಸಂಗಪ್ಪನ ಗದರುವ ದನಿ ಕೇಳುತ್ತಿತ್ತು. ಹಳ್ಳದ ತಿರುವಿನ ಹತ್ತಿರ ಅದು ನಿಂತಿತು. ಬಹಳ ಹೊತ್ತು ಮಳೆಯ ಸದ್ದೊಂದೇ. ಹಾಲಮ್ಮನವರು ಗಾಬರಿಯಿಂದ ಎದ್ದರೆ ತಾಯಿಯವರು ಕೈ ಹಿಡಿದು ಕೂರಿಸಿದರು. ಆಮೇಲೆ ಅಪ್ಪ ಮಗಳು ಏನನ್ನೋ ವಾದಿಸುತ್ತಿರುವುದು ಕೇಳಿಸಿತು. ಹತ್ತಿರ ಬಂದಾಗ ತಿಳಿಯಿತು, ಹಾವಸೆಯ ಬಣ್ಣಕ್ಕೆ ಅರಿಸಿನ ಎಷ್ಟು ಬೆರೆಸಬೇಕೆನ್ನುವ ವಾದ ಅದು. ಅವನ ರುಮಾಲು ತಲೆಯ ಮೇಲಿರಲಿಲ್ಲ, ಅದರ ತುಂಬ ಎಲೆಗಳಿದ್ದವು.

ಈರಸಂಗಪ್ಪ ತಾಯಿಯವರ ಮುಂದೆ ತಲೆಬಾಗಿ ಕುಳಿತ. "ಅವ್ವಾರ, ಹಸಿರು ಕಟ್ಟಾಕ ನನಗೊಬ್ಬಗ ಬರತೈತಿ ಅಂತ ಊರೆಲ್ಲ ಹೇಳಕೋತ ತಿರಗತಿದ್ದೆ," ಎಂದ. ಅವನ ಕಣ್ಣು ತುಂಬಿದ್ದವು, ಮುಖ ಮಾತ್ರ ನಗುತ್ತಿತ್ತು.

ಮಗಳು ಪಂಚಮಿಗೆ ಅಪ್ಪನ ಜೊತೆ ಹೊರಟಳು. ಬಸ್ಸು ಹತ್ತುವಾಗ ಅವಳ ಕೈಯಲ್ಲಿ ಒಂದೇ ಒಂದು ಗಂಟಿತ್ತು. ಗುರುಪಾದಪ್ಪ, ಮರಳಿ ಬರುತ್ತೀಯಾ ಅಂತ ಕೇಳಲೋ ಬೇಡವೋ ಎಂದು ನಿಂತಿದ್ದ. ಹೊಸ ಸರಕು ಕೊಳ್ಳಲು ಈ ಸಲ ಬರುವುದು ಬೇಡ, ತಾನೇ ಆರಿಸಿ ತರುತ್ತೇನೆಂದು ಅವಳು ಗಂಡನಿಗೆ ಹೇಳಿದಳು. ಅವನಿಗೆ ಅಷ್ಟು ಸಾಕಾಯಿತು.

ತವರಿನಲ್ಲಿ ಜೋಕಾಲಿ ಆಡಿದಳು, ಗೆಳತಿಯರ ಜೊತೆ ಉಂಡೆ ತಿಂದಳು, ಕರಿನೆಲದ ಮೇಲೆ ಬಿದ್ದ ಮಳೆಯಲ್ಲಿ ನೆನೆದಳು. ದಸರೆಯವರೆಗೆ ಇರೆಂದು ಅವ್ವ ಹಿಡಿದುಕೊಂಡರೂ ಶ್ರಾವಣ ಮುಗಿಯುವ ಮೊದಲೇ ಹೊರಟುಬಿಟ್ಟಳು. ಅವಳು ಬಸ್ಸಿಳಿದ ದಿನ ಕೊಡೆಗುಡ್ಡದ ಮೇಲೆ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಪೇಟೆಯವರೆಲ್ಲ ಸಂತೋಷದಿಂದ ಹಾಸಿಗೆ ಒಣಹಾಕುತ್ತಿದ್ದರು. ಶಾವಂತ್ರಿ ಮನೆಯ ಜಗುಲಿಯ ಮೇಲೆ ಗಂಟಿಟ್ಟು, ಅತ್ತೆಯ ಕಾಲಿಗೆರಗಿ, ಒಂದೇ ಓಟಕ್ಕೆ ಗುಡ್ಡ ಹತ್ತಿದಳು. ತಾಯಿಯವರು ಬಾಗಿಲಲ್ಲಿ ನಿಂತಿದ್ದರು.

"ತಾಯಿ, ಮಳಿ ಮುಗದು ಹೋತೇನ್ರಿ?" ಎಂದಳು, ಅಳುವವಳ ದನಿಯಲ್ಲಿ.

ತಾಯಿಯವರು ಅವಳ ತಲೆ ಸವರಿದರು. ಅವರ ಮುಖದಲ್ಲಿ ಆಗ ಮೂಡಿದ ಆನಂದವನ್ನು ಹೇಳಲು ತನಗೆ ಯಾವ ಬಣ್ಣದ ಹೆಸರೂ ಸಾಲದೆಂದು ಶಾವಂತ್ರಮ್ಮನವರು ಮುಪ್ಪಿನಲ್ಲೂ ನೆನೆಯುತ್ತಿದ್ದರು.

"ಎಲ್ಲಿ ಮುಗಿಯಿತು ಮಗಳೆ? ಇನ್ನೂ ಹುಬ್ಬೆ ಮಳೆ ಇದೆ, ಉತ್ತರೆ ಇದೆ, ಹಸ್ತ ಇದೆ. ನಡೆ."